ಪದಗಳು ಎಲ್ಲಿಂದ ಬರ್ತವೆ, ಕೆಲವು ನಿಲ್ತವೆ, ಕೆಲವು ಯಾಕೆ ಬಿದ್ದೋಗ್ತವೆ?

ಪ್ರಶ್ನೆ: ಸರ್, ನಾನು ಶಿರಸಿ ಕಡೆಯವನು, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಅಪ್ಪ ಅಡಿಕೆ ತೋಟದ ಬಗ್ಗೆ ಎಷ್ಟೊತ್ತು ಮಾತಾಡಿದ್ರೂ ಬೇರೆ ಭಾಷೆ ಪದ ಬೇಕಾಗಲ್ಲ. ನಾನು ನನ್ನ ಆಫೀಸ್ ಕೆಲಸ ಏನು ಅಂತ ಅವರಿಗೆ ಹೇಳೋಕೆ ಹೋದ್ರೆ ಎರಡನೇ ವಾಕ್ಯಕ್ಕೇ ಕನ್ನಡ ಮುಗಿದೋಗತ್ತೆ. ಕನ್ನಡದಲ್ಲಿ ಪದಗಳೇ ಕಡಿಮೆನಾ? ಹೊಸ ಪದ ಯಾರು ಮಾಡ್ತಾರೆ? ಪದ ಇಲ್ಲ ಅಂದ್ರೆ ಆ ಯೋಚನೆನೇ ಇಲ್ಲ ಅಂತಾನಾ? ಎಸ್ಕಿಮೋಗಳಿಗೆ ಹಿಮಕ್ಕೆ ನೂರಾರು ಪದ ಇದೆ ಅಂತಾರಲ್ಲ, ಅದು ನಿಜಾನಾ? ಇನ್ನೊಂದು, ಮಗಳಿಗೆ ಕಂಪ್ಯೂಟರ್ ಅಂತ ಹೇಳ್ಕೊಡ್ಲಾ, ಗಣಕಯಂತ್ರ ಅಂತ ಹೇಳ್ಕೊಡ್ಲಾ?

ಉತ್ತರ:

ಮೊದ್ಲು ನಿಮ್ಮ ಅಪ್ಪನ ವಿಷ್ಯಾನೇ ತಗೊಳೋಣ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಶಿರಸಿ ಮಾರ್ಕೆಟ್ಟಿನ ಧಾರಣೆ ಪಟ್ಟಿ ನೋಡಿ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ. ಎಲ್ಲಾನೂ ಅಡಿಕೆನೇ. ಹಣ್ಣಾದ ಅಡಿಕೆನ ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗಿಸಿ ಆಮೇಲೆ ಸುಲಿದ್ರೆ ಚಾಲಿ, ಹಸಿರು ಕಾಯಿನೇ ಸುಲಿದು ಚೊಗರಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ನೀರಲ್ಲಿ) ಬೇಯಿಸಿ ಒಣಗಿಸಿದ್ರೆ ಕೆಂಪಡಿಕೆ, ಆ ಕೆಂಪಡಿಕೆ ಒಳಗೇ ಮತ್ತೆ ರಾಶಿ, ಬೆಟ್ಟೆ ಅಂತ ಬೇರೆ ಬೇರೆ. ಮಂಗಳೂರು ಕಡೆ ಹೋದ್ರೆ ಪಟ್ಟಿ ಬೇರೆ, ಅಲ್ಲಿ ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿಗಡ್ಡೆ ಅಂತೆಲ್ಲ ಇರತ್ತೆ (ಈ ಉಳ್ಳಿಗಡ್ಡೆ ಸಾರಿಗೆ ಹಾಕೋದಲ್ಲ, ಅದೂ ಅಡಿಕೆಯ ಒಂದು ದರ್ಜೆ). ಬೆಂಗಳೂರಲ್ಲಿ ಪೂಜೆಗೆ ಅಂತ ನೂರು ಗ್ರಾಂ ತಗೊಳೋರಿಗೆ ಇದ್ಯಾವುದೂ ಬೇಡ, ಅವರಿಗೆ ಬಟ್ಲಡಿಕೆ, ಚೂರಡಿಕೆ ಅಂತ ಗೊತ್ತಿದ್ರೆ ಧಾರಾಳ ಆಯ್ತು.

ಯಾಕೆ ಅಲ್ಲಿ ಅಷ್ಟು ಪದ? ಒಂದೊಂದು ಹೆಸರಿಗೂ ಒಂದೊಂದು ರೇಟು ಇದೆ ಅದಕ್ಕೆ. ಬಿಳಿಗೋಟನ್ನ ಚಾಲಿ ಜೊತೆ ಬೆರೆಸಿದ್ರೆ ದುಡ್ಡು ಹೋಗತ್ತೆ. ಎರಡು ವಸ್ತು ಒಂದೇ ಅಂತ ತಿಳ್ಕೊಂಡ್ರೆ ಎಲ್ಲಿ ನಷ್ಟ ಆಗತ್ತೋ ಅಲ್ಲಿ ಭಾಷೆ ಎರಡು ಹೆಸರು ಮಾಡ್ಕೊಳತ್ತೆ, ನಷ್ಟ ಇಲ್ಲದ ಕಡೆ ಒಂದೇ ಹೆಸರಲ್ಲಿ ಸುಮ್ಮನಿರತ್ತೆ.

ಎಸ್ಕಿಮೋ ಕತೆನೂ ಇಲ್ಲೇ ಮುಗಿಸಿಬಿಡ್ತೀನಿ. 1911ರಲ್ಲಿ ಫ್ರಾನ್ಜ್ ಬೋವಾಸ್ ಅನ್ನೋ ಮಾನವಶಾಸ್ತ್ರಜ್ಞ ಉದಾಹರಣೆಗೆ ಅಂತ ಕೊಟ್ಟಿದ್ದು ನಾಲ್ಕೇ ನಾಲ್ಕು ಧಾತು: ನೆಲದ ಮೇಲಿರೋ ಹಿಮ, ಬೀಳ್ತಾ ಇರೋ ಹಿಮ, ಗಾಳಿಗೆ ಸರಿದು ಬರೋ ಹಿಮ, ಗುಡ್ಡೆ ಬಿದ್ದಿರೋ ಹಿಮ. ಅದು ಬಾಯಿಂದ ಬಾಯಿಗೆ ಹೋಗ್ತಾ ಹೋಗ್ತಾ ಏಳಾಯ್ತು, ಐವತ್ತಾಯ್ತು, ನಾನೂರಾಯ್ತು. ಅಲ್ಲದೆ ಆ ಭಾಷೆಗಳಲ್ಲಿ ಒಂದು ಧಾತುಗೆ ಪ್ರತ್ಯಯ ಮೇಲೆ ಪ್ರತ್ಯಯ ಅಂಟಿಸಿ ಇಡೀ ವಾಕ್ಯಾನೇ ಒಂದು ಪದ ಮಾಡಬಹುದು, ಹಾಗಾಗಿ ಎಷ್ಟು ಪದ ಅಂತ ಲೆಕ್ಕ ಹಾಕೋದಕ್ಕೇ ಅರ್ಥ ಇಲ್ಲ. ನಮ್ಮಲ್ಲೂ ‘ಮಾಡಿಸ್ಕೊಂಡಿದ್ದವನಿಗೇನಾದ್ರೂ’ ಅನ್ನೋದು ಒಂದು ಪದವಾ ಐದಾ ನೀವೇ ಹೇಳಿ.

ಈಗ ನಿಮ್ಮ ಅಪ್ಪನ ಮಾತಲ್ಲಿ ಬೇರೆ ಭಾಷೆ ಪದ ಇಲ್ಲ ಅಂದ್ರಲ್ಲ, ಅದನ್ನ ನಾನು ಒಪ್ಪಲ್ಲ. ಮಳೆಗಾಲ ಶುರುವಾಗೋ ಹೊತ್ತಿಗೆ ಅಡಿಕೆಗೆ ಕೊಳೆರೋಗ ಬರದ ಹಾಗೆ ಅವರು ಏನು ಹೊಡೆಸ್ತಾರೆ? ಬೋರ್ಡೋ. ಅದು ಫ್ರಾನ್ಸಿನ ಒಂದು ಊರಿನ ಹೆಸರು, ಅಲ್ಲಿ ದ್ರಾಕ್ಷಿ ಬಳ್ಳಿಗೆ ಅಂತ 1880ರ ದಶಕದಲ್ಲಿ ಕಂಡುಹಿಡಿದ ಔಷಧಿ. ಅದಕ್ಕೆ ಹಾಕೋ ಮೈಲುತುತ್ತ ಸಂಸ್ಕೃತದ ಮಯೂರತುತ್ಥದಿಂದ ಬಂದಿದ್ದು, ನವಿಲಿನ ಬಣ್ಣದ್ದು ಅಂತ. ಅಡಿಕೆ ಹಾಕೋದು ಎಲ್ಲಿಗೆ? ಸೊಸೈಟಿಗೆ. ಮರ ಹತ್ತೋ ಕೊನೆಗೌಡ ಸಿಗ್ತಿಲ್ಲ ಅಂತ ಈಗ ನೆಲದ ಮೇಲೇ ನಿಂತು ಕೊನೆ ಇಳಿಸೋಕೆ ಉದ್ದನೆ ಕಾರ್ಬನ್ ಫೈಬರ್ ಕೋಲು ಬಂದಿದೆ, ಅದಕ್ಕೆ ಏನಂತಾರೆ? ಫೈಬರ್ ದೋಟಿ. ಇದನ್ನ ಸ್ವಲ್ಪ ಗಮನಿಸಿ. ವಿಮಾನ ಮಾಡೋ ಮಟೀರಿಯಲ್‌ನಿಂದ ಮಾಡಿದ ಹೊಚ್ಚಹೊಸ ಉಪಕರಣ, ಆದ್ರೆ ಅದಕ್ಕೆ ಹೆಸರಿಡೋಕೆ ಯಾವ ಸಮಿತಿನೂ ಕೂರಲಿಲ್ಲ, ಬಿದಿರಿನ ದೋಟಿಗೆ ಇದ್ದ ಹೆಸರನ್ನೇ ಕೊಟ್ಟು ಮುಂದೆ ‘ಫೈಬರ್’ ಸೇರಿಸಿದ್ರು ಅಷ್ಟೆ. ಅಪ್ಪನಿಗೆ ಬೇರೆ ಭಾಷೆ ಪದ ಬೇಕಾಗಲ್ಲ ಅಂತಲ್ಲ, ಬಂದಿದ್ದು ಬಂದಂಗೇ ಕನ್ನಡ ಆಗೋಗತ್ತೆ, ಯಾಕಂದ್ರೆ ಆ ಕೆಲಸ ನಡೆಯೋದು ಕನ್ನಡದಲ್ಲಿ.

ಇದು ಎಷ್ಟರ ಮಟ್ಟಿಗೆ ಅಂದ್ರೆ ಕೊಳೆರೋಗ ಅನ್ನೋ ಪದ ಇಲ್ಲಿಂದ ಹೊರಗೆ ಹೋಗಿದೆ. 1876ರಲ್ಲಿ ಕುಕ್ ಅನ್ನೋ ಇಂಗ್ಲಿಷ್ ಶಿಲೀಂಧ್ರತಜ್ಞ ಕಾಫಿ ಗಿಡಕ್ಕೆ ಬರೋ ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ ಹೆಸರಿಟ್ಟಿದ್ದು ಪೆಲಿಕ್ಯುಲೇರಿಯಾ ಕೊಳೆರೋಗ ಅಂತ. ಮುಂದೆ ಅದರ ಕುಲದ ಹೆಸರೇ ಕೊಳೆರೋಗ ಆಯ್ತು, ಕೊಳೆರೋಗ ನಾಕ್ಸಿಯಾ. ಲ್ಯಾಟಿನ್ ಹೆಸರೊಳಗೆ ಅಚ್ಚುಕಟ್ಟಾಗಿ ಕೂತಿರೋ ಕನ್ನಡ ಪದ. ತೋಟ ಇಲ್ಲಿತ್ತು, ರೋಗ ಇಲ್ಲಿತ್ತು, ಅದನ್ನ ನೋಡಿ ಗುರುತು ಹಿಡಿದೋರು ಇಲ್ಲಿದ್ರು, ಹಾಗಾಗಿ ವಿಜ್ಞಾನಿಗಳು ಪದಾನ ನಮ್ಮಿಂದ ತಗೊಂಡ್ರು. ಸಾಫ್ಟ್‌ವೇರಲ್ಲಿ ಇದು ಉಲ್ಟಾ ಆಗಿದೆ, ಅಷ್ಟೇ ವ್ಯತ್ಯಾಸ.

ಇನ್ನು ಪದ ಹುಟ್ಟೋ ದಾರಿಗಳು. ತುಂಬಾ ಹಳೇದು, ತುಂಬಾ ಸುಲಭದ್ದು ಅಂದ್ರೆ ಇರೋ ಪದಾನ ಎಳೆಯೋದು. ಮೆಣಸು ಅಂದ್ರೆ ನಮಗೆ ಮೂಲದಲ್ಲಿ ಬಳ್ಳಿ ಮೇಲೆ ಬಿಡೋ ಕಾಳು. ಅಮೆರಿಕಾ ಖಂಡದ ಕಾಯಿ ಪೋರ್ಚುಗೀಸರ ಹಡಗಲ್ಲಿ ಪಶ್ಚಿಮ ಕರಾವಳಿಗೆ ಬಂತು, ಅದೂ ಖಾರ, ಸರಿ ಮೆಣಸಿನಕಾಯಿ ಅಂದ್ರು. ತಮಾಷೆ ಅಂದ್ರೆ ಹೊಸಬ ಎಷ್ಟು ಬೆಳೆದ ಅಂದ್ರೆ ಹಳೇ ಯಜಮಾನನೇ ಹೆಸರಿನ ಮುಂದೆ ಗುರುತು ಕಟ್ಕೊಳೋ ಹಾಗಾಯ್ತು: ಕರಿಮೆಣಸು, ಕಾಳುಮೆಣಸು, ನಿಮ್ಮ ಕಡೆ ಮತ್ತು ಕರಾವಳಿ ಕಡೆ ಒಳ್ಳೆಮೆಣಸು. ಜೋಳದ ಕತೆನೂ ಹಾಗೇ, ಅಮೆರಿಕಾದಿಂದ ಬಂದಿದ್ದಕ್ಕೆ ಒಂದು ಕಡೆ ಮೆಕ್ಕೆಜೋಳ, ಒಂದು ಕಡೆ ಗೋವಿನಜೋಳ, ಹಳೇ ಮೈಸೂರು ಕಡೆ ಮುಸುಕಿನಜೋಳ ಅಂತ ಹೆಸರು ಬಂತು. ಮುಸುಕು ಹಾಕ್ಕೊಂಡಿರೋ ಜೋಳ! ಯಾರು ಮೊದ್ಲು ಹೇಳಿದ್ರೋ, ಆ ಪುಣ್ಯಾತ್ಮನಿಗೆ ಒಂದು ಪ್ರಶಸ್ತಿ ಕೊಡಬೇಕು. ಶೇಂಗಾನೂ ದಕ್ಷಿಣ ಅಮೆರಿಕಾದ್ದೇ, ಅದು ಬಂದಾಗ ಕಡಲೆ ಅಂತ ಒಂದು ಕಾಳು ಇಲ್ಲಿ ಮೊದ್ಲೇ ಇತ್ತಲ್ಲ, ಹಾಗಾಗಿ ಮೈಸೂರು ಕಡೆ ಕಡ್ಲೆಕಾಯಿ, ಕರಾವಳಿಯಲ್ಲಿ ನೆಲಗಡಲೆ, ಉತ್ತರ ಕರ್ನಾಟಕದೋರು ಮಾತ್ರ ಮರಾಠಿಯಿಂದ ಶೇಂಗಾ ತಗೊಂಡ್ರು. ಈಗ್ಲೂ ಇದೇ ನಡೀತಿದೆ. ಬೆಂಗಳೂರಲ್ಲಿ ‘ಗಾಡಿ ತಗೊಂಡೆ’ ಅಂದ್ರೆ ಬೈಕೋ ಸ್ಕೂಟರೋ, ಎತ್ತು ಕಟ್ಟಿದ್ದು ಆದ್ರೆ ಎತ್ತಿನಗಾಡಿ ಅಂತ ಬಿಡಿಸಿ ಹೇಳಬೇಕು.

ಎಳೆಯೋಕೆ ಆಗದಿದ್ರೆ ಒಂದು ಚೀಟಿ ಅಂಟಿಸೋದು. ಸೀಮೆ ಅಂದ್ರೆ ಗಡಿ, ನಾಡು. ಬ್ರಿಟಿಷರ ಕಾಲಕ್ಕೆ ಅದು ‘ದೂರದ ಸೀಮೆಯಿಂದ ಬಂದಿದ್ದು’ ಅನ್ನೋ ಲೇಬಲ್ ಆಯ್ತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ, ಸೀಮೆಹುಣಸೆ. ನಿಮಗೆ ಗೊತ್ತಿರೋ ವಸ್ತು ಯಾವ ಜಾತಿದು ಅಂತ ಹಿಂದಿನ ಪದ ಹೇಳತ್ತೆ, ಆದ್ರೆ ನಮ್ಮೂರಿಂದಲ್ಲ ಅಂತ ಮುಂದಿನ ಪದ ಹೇಳತ್ತೆ. ಅದಕ್ಕೂ ಮುಂಚೆ ಈ ಕೆಲಸ ಮಾಡ್ತಿದ್ದ ಚೀಟಿ ಪರಂಗಿ, ಯುರೋಪಿನೋರನ್ನ ಫಿರಂಗಿ ಅಂತಿದ್ರಲ್ಲ ಅದೇ, ಪರಂಗಿಹಣ್ಣು ಹಾಗೆ ಬಂದಿದ್ದು. ಯಾವ ಪಂಡಿತರೂ ಇದನ್ನ ಮಾಡಲಿಲ್ಲ, ಸಂತೆಯಲ್ಲಿ ಆಯ್ತು.

ಮೂರನೇದು ವಸ್ತು ಜೊತೆ, ವ್ಯವಸ್ಥೆ ಜೊತೆ ಪದಾನೂ ಇಳಿಯೋದು. ಪೋರ್ಚುಗೀಸರಿಂದ ಮೇಜು, ಚಾವಿ, ಪಾದ್ರಿ, ಬಟಾಟೆ, ಅನಾನಸು. ಬಹಮನಿ, ಬಿಜಾಪುರ, ಮರಾಠರು, ಹೈದರ್ ಟಿಪ್ಪು ಹೀಗೆ ಆಡಳಿತ ಕೈ ಬದಲಾಗ್ತಾ ಪಾರ್ಸಿ ಅರಬ್ಬಿ ಪದಗಳು ಕಂದಾಯ ಮತ್ತು ಕೋರ್ಟಿನ ಕೆಲಸಾನ ಪೂರ್ತಿ ಹಿಡ್ಕೊಂಡ್ವು. ಅರ್ಜಿ, ದಾಖಲೆ, ಜಮೀನು, ವಕೀಲ, ಜಾಮೀನು, ನಕಲು, ಬಾಕಿ, ವಸೂಲಿ, ರದ್ದು, ಜಾರಿ, ತಕರಾರು, ಕಾಯಂ, ಹಾಜರಿ. ಇವನ್ನೆಲ್ಲ ತೆಗೆದು ಒಂದು ತಾಲ್ಲೂಕು ಆಫೀಸು ನಡೆಸಿ ನೋಡೋಣ. ತಾಲ್ಲೂಕು ಅನ್ನೋದೇ ಇರಲ್ಲ. ಇವತ್ತು ಯಾರಾದ್ರೂ ‘ಇಂಗ್ಲಿಷ್ ಬಿಟ್ಟು ಶುದ್ಧ ಕನ್ನಡದಲ್ಲಿ ಅರ್ಜಿ ಬರೀರಿ’ ಅಂದ್ರೆ ಅವರ ವಾಕ್ಯದಲ್ಲೇ ಅರಬ್ಬಿ ಕೂತಿರತ್ತೆ, ಯಾರಿಗೂ ಅದು ಹೊರಗಿನದು ಅನ್ಸಲ್ಲ. ಯಾಕಂದ್ರೆ ಬಂದ ಪದಕ್ಕೆ ನಾವು ಕೊನೇಲಿ ‘ಉ’ ಸೇರಿಸಿ, ವಿಭಕ್ತಿ ಹಚ್ಚಿ ಮನೆಯೋರನ್ನ ಮಾಡ್ಕೊಂಡಿರ್ತೀವಿ. ಖರ್ಚು, ಬಜಾರು ಆಗಿದ್ದೂ ಹೀಗೇ, ಬಸ್ಸು, ಕಾರು, ರೋಡು ಆಗಿದ್ದೂ ಹೀಗೇ.

ಇಲ್ಲಿ ತುಂಬ ಜನ ತಪ್ಪು ತಿಳ್ಕೊಳೋದು ಒಂದಿದೆ. ಹೊಸ ಪದ ಬಂದ್ರೆ ಹಳೇದು ಸಾಯತ್ತೆ ಅಂತ. ಕೆಲವು ಸಲ ಸಾಯತ್ತೆ, ಕೊಳಗ, ಬಳ್ಳ ಅನ್ನೋ ಅಳತೆಗಳು ಮೆಟ್ರಿಕ್ ಬಂದ್ಮೇಲೆ ಹೋದ್ವು. ಆದ್ರೆ ಎಷ್ಟೋ ಸಲ ಎರಡೂ ಉಳಿದು ಕೆಲಸ ಹಂಚ್ಕೊಳ್ತವೆ, ಭಾಷೆ ದಪ್ಪ ಆಗೋದೇ ಹೀಗೆ. ದುಡಿದಿದ್ದಕ್ಕೆ ಸಿಗೋ ದುಡ್ಡು ಅನ್ನೋ ಒಂದೇ ವಿಷಯ ತಗೊಳಿ. ಕೂಲಿ ದ್ರಾವಿಡ ಪದ. ಸಂಬಳ ಸಂಸ್ಕೃತದ ಶಂಬಲದಿಂದ ಬಂದಿದ್ದು, ಮೂಲದಲ್ಲಿ ದಾರಿಬುತ್ತಿ ಅಂತ ಅರ್ಥ. ಪಗಾರ ಪೋರ್ಚುಗೀಸ್, ಉತ್ತರ ಕರ್ನಾಟಕದಲ್ಲಿ ಜೋರಾಗಿ ಓಡತ್ತೆ. ವೇತನ ನೇರ ಸಂಸ್ಕೃತ, ಸರ್ಕಾರಿ ಕಾಗದದ್ದು. ಸ್ಯಾಲರಿ ಇಂಗ್ಲಿಷ್. ಒಂದಕ್ಕೊಂದು ಬದಲಿಗೆ ಹಾಕಿ ನೋಡಿ. ಗಾರೆ ಕೆಲಸದೋರಿಗೆ ‘ಸ್ಯಾಲರಿ ಕೊಟ್ರಾ’ ಅಂತ ಯಾರೂ ಕೇಳಲ್ಲ, ಕೂಲಿ ಅಂತಾರೆ, ಅದು ದಿನದ ಲೆಕ್ಕ. ‘7ನೇ ವೇತನ ಆಯೋಗ’ ಅಂತಾರೆ, ಸಂಬಳ ಆಯೋಗ ಅಂದ್ರೆ ನಗು ಬರತ್ತೆ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಕೊಡೋದನ್ನ ಸರ್ಕಾರ ಗೌರವಧನ ಅನ್ನತ್ತೆ, ವೇತನ ಅನ್ನಲ್ಲ. ವೇತನ ಅಂದ್ಬಿಟ್ರೆ ಅವರು ನೌಕರರು ಆಗ್ತಾರೆ, ನೌಕರರಾದ್ರೆ ಕನಿಷ್ಠ ವೇತನ, ಪಿಂಚಣಿ ಎಲ್ಲ ಕೇಳಬಹುದು. ಆ ಹೆಣ್ಣುಮಕ್ಕಳು ಬೀದಿಗಿಳಿದು ಹೋರಾಡ್ತಿರೋದು ದುಡ್ಡಿಗೂ ಹೌದು, ಆ ಪದಕ್ಕೂ ಹೌದು. ಒಂದೇ ಅರ್ಥದ ಪದಗಳು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸ್ತಾರಲ್ಲ, ಜೀವನದಲ್ಲಿ ಹಾಗಿರೋದು ತೀರಾ ಕಡಿಮೆ.

ಒಂದೇ ಮೂಲದ ಪದ ಎರಡು ಸಲ ಬಂದು ಎರಡು ಕೆಲಸ ಹಿಡಿದಿದ್ದೂ ಉಂಟು. ಚೂರ್ಣ ಸವೆದು ಸುಣ್ಣ ಆಯ್ತು, ಆಮೇಲೆ ವೈದ್ಯರ ಜೊತೆ ಚೂರ್ಣ ಮತ್ತೆ ಹಾಗೇ ಬಂತು, ಈಗ ಒಂದು ಗೋಡೆಗೆ ಇನ್ನೊಂದು ಹೊಟ್ಟೆಗೆ. ಪರ್ವ ಮತ್ತು ಹಬ್ಬ, ವರ್ಣ ಮತ್ತು ಬಣ್ಣನೂ ಹೀಗೇ.

ಶುದ್ಧ ಕನ್ನಡದ ಜಗಳ ಹೊಸದೇನಲ್ಲ. 9ನೇ ಶತಮಾನದ ಕವಿರಾಜಮಾರ್ಗದಲ್ಲೇ ಸಂಸ್ಕೃತ ಪದಕ್ಕೆ ಕನ್ನಡ ಪದ ಕೂಡಿಸಿ ಸಮಾಸ ಮಾಡಬೇಡಿ, ಕಾಯ್ತಿರೋ ಹಾಲಿಗೆ ಮಜ್ಜಿಗೆ ಹನಿ ಬಿದ್ದಂಗಾಗತ್ತೆ ಅನ್ನೋ ಅರ್ಥದ ಎಚ್ಚರಿಕೆ ಇದೆ. ವ್ಯಾಕರಣದಲ್ಲಿ ಇದಕ್ಕೆ ಅರಿಸಮಾಸ ಅಂತ ಹೆಸರು. 13ನೇ ಶತಮಾನದಲ್ಲಿ ಆಂಡಯ್ಯ ಸಂಸ್ಕೃತ ಪದಗಳನ್ನ ಹಾಗೇ ತಗೊಳದೆ, ದೇಸಿ ಮತ್ತು ತದ್ಭವಗಳಲ್ಲೇ ಇಡೀ ಕಾವ್ಯ ಬರೆದು ತೋರಿಸಿದ. ಆ ಕಾವ್ಯದ ಹೆಸರು ಕಬ್ಬಿಗರ ಕಾವ, ಅದರಲ್ಲಿರೋ ಕಬ್ಬಿಗ ಅನ್ನೋದೇ ಸಂಸ್ಕೃತದಿಂದ ಸವೆದು ಬಂದ ಪದ. ನನಗೆ ಆಂಡಯ್ಯನ ಮೇಲೆ ಗೌರವ ಇದೆ, ಆದ್ರೆ ಜನ ಆ ದಾರಿ ಹಿಡೀಲಿಲ್ಲ. ಸರ್ಕಾರಿ ನೌಕರರು ಕಾಯ್ಕೊಂಡಿರೋ ತುಟ್ಟಿಭತ್ಯೆನೇ ನೋಡಿ. ಉತ್ತರ ಕರ್ನಾಟಕದ ಆಡುಮಾತಿನ ತುಟ್ಟಿಗೆ ಸಂಸ್ಕೃತ ಮೂಲದ ಭತ್ಯೆ ಗಂಟು ಹಾಕಿದ್ದಾರೆ, ಶುದ್ಧ ಅರಿಸಮಾಸ, ಹಾಲು ಒಡೀಲಿಲ್ಲ. ಮತಗಟ್ಟೆನೂ ಹಂಗೇ, ಮತ ಸಂಸ್ಕೃತ, ಕಟ್ಟೆ ನಮ್ಮದು. ಕೊಳೆರೋಗನೂ ಹಂಗೇ.

ಈಗ ಬೇಕು ಅಂತಲೇ ಕೂತು ಮಾಡಿದ ಪದಗಳಿಗೆ ಬರ್ತೀನಿ, ನೀವು ಕೇಳಿದ್ರಲ್ಲ ಯಾರು ಮಾಡ್ತಾರೆ ಅಂತ. ಪತ್ರಿಕೆ ಆಫೀಸುಗಳು, ಪಠ್ಯಪುಸ್ತಕ ಬರೆಯೋರು, ಸರ್ಕಾರಿ ಅನುವಾದಕರು, ಆಸಕ್ತಿ ಇರೋ ಮೇಷ್ಟ್ರುಗಳು. ಕಿರುತೆರೆ, ಬೆಳ್ಳಿತೆರೆ, ಬೆರಳಚ್ಚು, ಪಡಿತರ ಚೀಟಿ, ಮತಗಟ್ಟೆ ಇವೆಲ್ಲ ನಿಂತ್ವು. ಇಮೇಲಿಗೆ ಮಾಡಿದ ಮಿಂಚಂಚೆ, ಮೊಬೈಲಿಗೆ ಮಾಡಿದ ಜಂಗಮವಾಣಿ ನಿಲ್ಲಲಿಲ್ಲ. ಮಿಂಚಂಚೆ ಕೇಳೋಕೆ ಎಷ್ಟು ಚೆನ್ನಾಗಿದೆ, ಕಿರುತೆರೆಗಿಂತ ಯಾವ ಲೆಕ್ಕದಲ್ಲೂ ಕಡಿಮೆ ಇಲ್ಲ. ಪದದ ಅಂದ ಚಂದ ಇಲ್ಲಿ ಕೆಲಸಕ್ಕೆ ಬರಲ್ಲ. ಕಿರುತೆರೆ ಬಗ್ಗೆ ದಿನಾ ಬೆಳಗಾದ್ರೆ ಕನ್ನಡದಲ್ಲೇ ಬರೆಯೋ ಪತ್ರಕರ್ತರಿದ್ರು, ಹೆಡ್‌ಲೈನಿಗೆ ಗಿಡ್ಡ ಪದ ಬೇಕಿತ್ತು. ಬೆರಳಚ್ಚುಗಾರ ಅನ್ನೋ ಹುದ್ದೆ ಇತ್ತು, ಆತ ಹೊಡೀತಿದ್ದಿದ್ದು ಕನ್ನಡ. ಇಮೇಲ್ ಮಾತ್ರ ಇಂಗ್ಲಿಷ್ ಆಫೀಸಲ್ಲಿ, ಇಂಗ್ಲಿಷ್ ಸ್ಕ್ರೀನ್ ಮೇಲೆ, ಇಂಗ್ಲಿಷಲ್ಲೇ ಬಂತು, ನೋಡೋ ಬಟನ್ ಮೇಲೂ ಅದೇ ಬರೆದಿತ್ತು. ಮಿಂಚಂಚೆಗೆ ಕೂರೋಕೆ ಜಾಗನೇ ಸಿಗಲಿಲ್ಲ.

ಅಂಚೆ ಇದಕ್ಕೆ ಉಲ್ಟಾ. 1672ರಲ್ಲಿ ಚಿಕ್ಕದೇವರಾಜ ಒಡೆಯರ್ ಮೈಸೂರಲ್ಲಿ ಅಂಚೆ ವ್ಯವಸ್ಥೆ ಶುರು ಮಾಡಿದ್ರು, ಅದು 1889ರಲ್ಲಿ ಬ್ರಿಟಿಷರ ಪೋಸ್ಟಿನ ಜೊತೆ ಸೇರಿಹೋಯ್ತು. ಸಂಸ್ಥೆ ಹೋಯ್ತು, ಪದ ಉಳೀತು, ಎರಡು ಶತಮಾನ ಜನ ಅದನ್ನ ಬಳಸಿ ರೂಢಿ ಆಗಿತ್ತಲ್ಲ. ಇನ್ನು ಆಕಾಶವಾಣಿ ಎರಡರ ಮಧ್ಯೆ ಇದೆ. 1935ರಲ್ಲಿ ಮೈಸೂರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದಾಗ ಅದಕ್ಕೆ ಇದ್ದ ಹೆಸರು ಆಕಾಶವಾಣಿ, ಮುಂದೆ ಇಡೀ ದೇಶದ ರೇಡಿಯೋಗೇ ಅದೇ ಹೆಸರು ಬಂತು. ಆದ್ರೆ ಯಾರಾದ್ರೂ ‘ಆಕಾಶವಾಣಿ ರಿಪೇರಿಗೆ ಕೊಟ್ಟೆ’ ಅಂತಾರಾ? ಪೆಟ್ಟಿಗೆಗೆ ರೇಡಿಯೋ, ಸಂಸ್ಥೆಗೆ ಆಕಾಶವಾಣಿ. ಮತ್ತೆ ಅದೇ ಕೆಲಸ ಹಂಚಿಕೆ.

ಪದ ಇಲ್ಲ ಅಂದ್ರೆ ಯೋಚನೆ ಇಲ್ವಾ ಅಂದ್ರೆ, ಇಲ್ಲ ಹಂಗೇನಿಲ್ಲ. ಎಂಜಲು ಅನ್ನೋದಕ್ಕೆ ಇಂಗ್ಲಿಷಲ್ಲಿ ಸರಿಯಾದ ಒಂದು ಪದ ಇಲ್ಲ, ಆದ್ರೆ ಇಂಗ್ಲೆಂಡಿನಿಂದ ಬಂದು ನಮ್ಮನೇಲಿ ಒಂದು ವಾರ ಉಂಡೋರಿಗೆ ವಿಷಯ ಅರ್ಥ ಆಗತ್ತೆ. ಪದ ಇದ್ರೆ ಬೇಗ ಹೇಳಬಹುದು, ಅಪರಿಚಿತರ ಜೊತೆನೂ ವಿವರಣೆ ಇಲ್ದೆ ವ್ಯವಹಾರ ಮಾಡಬಹುದು, ಅಷ್ಟು. ಅದಕ್ಕಿಂತ ಮಜಾ ಅಂದ್ರೆ ಪದ ಇದ್ದೂ ಸಾಲ ತಗೊಳೋದು. ದೊಡ್ಡಪ್ಪ, ಚಿಕ್ಕಪ್ಪ, ಮಾವ, ಸೋದರಮಾವ ಅಂತ ಇಷ್ಟು ಪದ ಇಟ್ಕೊಂಡಿರೋ ನಾವು ಅಂಕಲ್ ಯಾಕೆ ತಗೊಂಡ್ವಿ? ಬಡತನಕ್ಕಲ್ಲ. ನಮ್ಮ ಪದಗಳಲ್ಲಿ ಸಂಬಂಧ ತುಂಬ್ಕೊಂಡಿದೆ. ಮಾವ ಅಂದ್ರೆ ಅಮ್ಮನ ಅಣ್ಣತಮ್ಮನೂ ಹೌದು, ಹೆಂಡತಿಯ ಅಪ್ಪನೂ ಹೌದು, ಸೋದರಮಾವನ ಮನೆಗೆ ಹೆಣ್ಣು ಕೊಟ್ಟು ತರೋ ಪದ್ಧತಿ ಅದರೊಳಗೆ ಕೂತಿದೆ. ಅಪಾರ್ಟ್‌ಮೆಂಟಿನ ಲಿಫ್ಟಲ್ಲಿ ಸಿಕ್ಕಿದ ಮೂರನೇ ಮಹಡಿಯವರಿಗೆ ಹುಡುಗಿ ಒಬ್ಬಳು ಮಾವ ಅನ್ನೋದು ಹೇಗೆ? ಹಳ್ಳಿಯಲ್ಲಾದ್ರೆ ಯಾರ ಮನೆಯೋರು, ಏನಾಗಬೇಕು ಅಂತ ಗೊತ್ತಿರತ್ತೆ. ಇಲ್ಲಿ ಏನೂ ಆಗಬೇಕಾಗಿಲ್ಲ, ಆದ್ರೂ ಮರ್ಯಾದೆ ಕೊಡಬೇಕು, ಅದಕ್ಕೆ ಒಳಗೆ ಏನೂ ಇಲ್ಲದ ಒಂದು ಪದ ಬೇಕಾಗಿತ್ತು, ಅಂಕಲ್ ಸಿಕ್ತು. ಸಾರಿನೂ ಹಂಗೇ. ‘ತಪ್ಪಾಯ್ತು’ ಅಂದ್ರೆ ನಿಜವಾಗ್ಲೂ ತಪ್ಪು ಒಪ್ಕೊಂಡಂಗೆ, ‘ಕ್ಷಮಿಸಿ’ ಅಂದ್ರೆ ಭಾಷಣ ಮಾಡಿದಂಗೆ, ಬಸ್ಸಲ್ಲಿ ಕಾಲು ತಾಗಿದ್ದಕ್ಕೆ ಇವೆರಡೂ ಭಾರ ಜಾಸ್ತಿ.

ನಿಮ್ಮ ಆಫೀಸಿಗೆ ಬರೋಣ. ‘ನಿನ್ನೆ ರಾತ್ರಿ ಡಿಪ್ಲಾಯ್ ಮಾಡಿದ್ದು ಫೇಲ್ ಆಗಿ ರೋಲ್‌ಬ್ಯಾಕ್ ಮಾಡ್ಬೇಕಾಯ್ತು’ ಅಂತ ನೀವು ಪಕ್ಕದ ಸೀಟಿನ ಹುಬ್ಬಳ್ಳಿಯವರಿಗೆ ಹೇಳಿದ್ರೆ ಅದು ಕನ್ನಡ ವಾಕ್ಯನೇ, ಕ್ರಿಯಾಪದ ಮಾಡು, ಆಗು, ಬೇಕು, ಕಾಲ ಎಲ್ಲ ನಮ್ಮದು. ತೊಂದ್ರೆ ಅದಲ್ಲ. ನಿಮ್ಮ ಡಿಸೈನ್ ಡಾಕ್ಯುಮೆಂಟು, ಮೀಟಿಂಗು, ಜಗಳ, ರಾಜೀನಾಮೆ ಎಲ್ಲ ಇಂಗ್ಲಿಷಲ್ಲಿ ನಡೆಯತ್ತೆ, ಕನ್ನಡದಲ್ಲಿ ಆ ವಿಷಯ ಮಾತಾಡೋದು ಟೀ ಕುಡಿಯುವಾಗ ಮಾತ್ರ. ಅಡಿಕೆ ಮಂಡಿಯಲ್ಲಿ ಕನ್ನಡ ಗೊತ್ತಿಲ್ದೆ ದುಡ್ಡು ಕಳ್ಕೊಳೋ ಹಾಗೆ ನಿಮ್ಮಲ್ಲಿ ಯಾರೂ ಕಳ್ಕೊಳಲ್ಲ. ಹಾಗಾಗಿ ಪದಕೋಶ ಹುಟ್ಟಲ್ಲ. ಪ್ರೊ. ಜಿ. ವೆಂಕಟಸುಬ್ಬಯ್ಯನವರು ಪ್ರಧಾನ ಸಂಪಾದಕರಾಗಿದ್ದ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟ ಇದೆ, ಶಾಸನದಿಂದ ಹಿಡಿದು ಹಸ್ತಪ್ರತಿ, ಮುದ್ರಿತ ಪುಸ್ತಕದವರೆಗೆ ಜನ ಬಳಸಿದ ಪದಗಳನ್ನ ಹುಡುಕಿ ಅದರಲ್ಲಿ ಕೂಡಿಟ್ರು. ಬಳಕೆ ಮೊದ್ಲು, ನಿಘಂಟು ಆಮೇಲೆ. ಇದನ್ನ ತಿರುಗಿಸೋಕೆ ಹೋದ ಪಟ್ಟಿಗಳು ಇಲಾಖೆ ಬೀರುವಿನಲ್ಲಿ ಬೆಚ್ಚಗೆ ಮಲಗಿವೆ.

ಅಪ್ಪನಿಗೆ ಹೇಳೋದಾದ್ರೆ ಪದ ಹುಡುಕಬೇಡಿ, ಕೆಲಸ ಹೇಳಿ. ಬ್ಯಾಂಕ್ ಆ್ಯಪಲ್ಲಿ ದುಡ್ಡು 2 ಸಲ ಕಟ್ ಆಗದ ಹಾಗೆ ನೋಡ್ಕೊಳೋದು ನನ್ನ ಕೆಲಸ ಅಂದ್ರೆ ಅವರು ನಿಮಗೇ ನಾಲ್ಕು ಪ್ರಶ್ನೆ ಕೇಳ್ತಾರೆ. ಮಗಳಿಗೆ ಕಂಪ್ಯೂಟರ್ ಅಂತಲೇ ಹೇಳ್ಕೊಡಿ, ಎಲ್ಲರೂ ಅನ್ನೋದು ಅದೇ. ಗಣಕಯಂತ್ರನೂ ಪೂರ್ತಿ ಸತ್ತಿಲ್ಲ ನೋಡಿ, ಭೂಮಿ ಯೋಜನೆಯಲ್ಲಿ ಜಮೀನಿನ ದಾಖಲೆಗಳೆಲ್ಲ ಕಂಪ್ಯೂಟರಿಗೆ ಹೋದ್ಮೇಲೆ ಗಣಕೀಕೃತ ಪಹಣಿ ಅಂತ ಕಂದಾಯ ಇಲಾಖೆಯಲ್ಲಿ ಒಂದು ಜಾಗ ಹಿಡ್ಕೊಂಡಿದೆ, ತೋಟದ ಕಾಗದ ತೆಗೆಸೋಕೆ ಹೋದಾಗ ಅವಳಿಗೆ ಅದೂ ಸಿಗತ್ತೆ.